ಕಾಲಿನ ಮೇಲೆ ಜೇಡರಬಲೆ ಥರ ನೇರಳೆ ಗೆರೆಗಳು: ಸೂಜಿನಾ, ಲೇಸರಾ, ಸುಮ್ನೆ ಬಿಡೋದಾ?

ಮಂಡ್ಯ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ವಯಸ್ಸು 41, ಇಬ್ಬರು ಮಕ್ಕಳು. ದಿನಕ್ಕೆ ಐದಾರು ಪೀರಿಯಡ್ ನಿಂತೇ ಪಾಠ. ಎರಡನೇ ಹೆರಿಗೆ ಆದಮೇಲೆ ಎಡಗಾಲಿನ ಮಂಡಿ ಹಿಂದೆ ಸಣ್ಣ ನೇರಳೆ ಗೆರೆಗಳು ಕಾಣಿಸಿಕೊಂಡವು. ಆಗ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಎಂಟು ವರ್ಷದಲ್ಲಿ ತೊಡೆಯ ಹೊರಗಡೆಗೂ ಹಬ್ಬಿವೆ. ಒದ್ದೆ ಕಾಗದದ ಮೇಲೆ ಇಂಕು ಬಿದ್ದು ಎಳೆ ಎಳೆಯಾಗಿ ಹರಡುತ್ತದಲ್ಲ, ಹಾಗಿದೆ. ಸಂಜೆ ಹೊತ್ತಿಗೆ ಕಾಲು ಭಾರ, ಸ್ವಲ್ಪ ಉರಿ. ಬೆಳಿಗ್ಗೆ ಎದ್ದಾಗ ಏನೂ ಇರುವುದಿಲ್ಲ.

ಮೂರು ಕಡೆ ಮೂರು ಮಾತು ಕೇಳಿದೆ. ಅತ್ತೆ "ನರ ವೀಕ್ ಆಗಿದೆ" ಅಂತ ಹರಳೆಣ್ಣೆ ತಿಕ್ಕಲು ಹೇಳಿದರು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ನರದ ಮಾತ್ರೆ ಅಂತ ಬಿ12 ಬರೆದುಕೊಟ್ಟರು. ಮೂರು ತಿಂಗಳು ನುಂಗಿದೆ, ಒಂದು ಗೆರೆಯೂ ಕಮ್ಮಿ ಆಗಲಿಲ್ಲ. ಆಮೇಲೆ ಮೈಸೂರಿನ ಒಂದು ಸ್ಕಿನ್ ಕ್ಲಿನಿಕ್‌ಗೆ ಹೋದೆ. ಅಲ್ಲಿ ಡಾಕ್ಟರು ಕಾಲು ಮುಟ್ಟಿ ಕೂಡ ನೋಡಲಿಲ್ಲ. ಹೊರಗೆ ಕೌಂಟರಿನಲ್ಲಿ ಆರು ಸಿಟ್ಟಿಂಗ್ ಲೇಸರ್ ಪ್ಯಾಕೇಜಿನ ಚೀಟಿ ಕೈಗಿಟ್ಟರು. ಇವತ್ತೇ ಕಟ್ಟಿದರೆ ಡಿಸ್ಕೌಂಟ್ ಅಂದರು. ನಾನು ಕಟ್ಟದೆ ಬಂದೆ.

ನಾನು ಸೀರೆ ಉಡುವವಳು, ಯಾರಿಗೂ ಕಾಣುವುದಿಲ್ಲ. ಆದರೂ ಸ್ನಾನ ಮಾಡುವಾಗ ಕಣ್ಣಿಗೆ ಬಿದ್ದರೆ ಬೇಜಾರಾಗುತ್ತದೆ. ಹೆದರಿಕೆಯೂ ಇದೆ. ನಮ್ಮಮ್ಮನಿಗೆ ಕಾಲಿನ ರಕ್ತನಾಳ ಉಬ್ಬುವ ವೆರಿಕೋಸ್ ಇತ್ತು. ನಿಜವಾಗಿ ಏನು ಮಾಡಿಸಬೇಕು? ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಅಗ್ರಹಾರದ ಅಕ್ಕ

ಟೀಚರ್ ಮೇಡಂ, ನಿಮ್ಮ ಬರಹ ಓದಿದಾಗ ನನ್ನ ಕಾಲನ್ನೇ ನೋಡಿದ ಹಾಗಾಯಿತು. ನಾನು ಎರಡು ವರ್ಷದ ಹಿಂದೆ ಇಂಜೆಕ್ಷನ್ ಮಾಡಿಸಿಕೊಂಡೆ. ಸ್ಕ್ಲೆರೋಥೆರಪಿ ಅಂತಾರೆ, ಗೆರೆಯೊಳಗೆ ಔಷಧಿ ಹಾಕಿ ಆ ನಾಳವನ್ನು ಮುಚ್ಚುವುದು. ರಾತ್ರಿ ಕೂತು ವಿವರವಾಗಿ ಬರೆಯುತ್ತೇನೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಡಾಪ್ಲರ್ (ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನ್) ಮಾಡಿಸದೆ ಯಾರಿಗೂ ದುಡ್ಡು ಕಟ್ಟಬೇಡಿ. ಪ್ಯಾಕೇಜ್ ಚೀಟಿ ಹರಿದು ಹಾಕಿ.

ಸರ್ಜನ್, ಮೈಸೂರು

ನಾನು ಜನರಲ್ ಸರ್ಜನ್. ಒಪಿಡಿಯಲ್ಲಿ ವಾರಕ್ಕೆ ಹತ್ತಾರು ಕಾಲು ನೋಡುತ್ತೇನೆ. ಮೊದಲು ಒಂದು ಗೊಂದಲ ಬಿಡಿಸಬೇಕು. ಏಕೆಂದರೆ ನಿಮ್ಮ ಮೂರು ತಿಂಗಳು ವೇಸ್ಟ್ ಆಗಿದ್ದು ಅದರಿಂದಲೇ.

ನಮ್ಮ ಕಡೆ "ನರ" ಅನ್ನುವ ಒಂದೇ ಮಾತನ್ನು ಎರಡು ಬೇರೆ ಬೇರೆ ವಸ್ತುಗಳಿಗೆ ಬಳಸುತ್ತೇವೆ. ಮಿದುಳಿನಿಂದ ಸುದ್ದಿ ತರುವ ತಂತಿಯೂ ನರ, ಕೈಮೇಲೆ ಹಸಿರಾಗಿ ಕಾಣುವ ರಕ್ತದ ಕೊಳವೆಯೂ ನರ. ನಿಮ್ಮ ಕಾಲಲ್ಲಿ ಕಾಣುತ್ತಿರುವುದು ಎರಡನೆಯದು. ಅದು ರಕ್ತನಾಳ. ಬಿ12 ಮಾತ್ರೆ ಮೊದಲನೆಯದಕ್ಕೆ. ಹಾಗಾಗಿ ಡಾಕ್ಟರ ಹತ್ತಿರ ಹೋದಾಗ "ನರ" ಅನ್ನದೆ "ರಕ್ತನಾಳ ಉಬ್ಬಿದೆ" ಅಥವಾ "ವೇನ್" ಅನ್ನಿ. ಎಷ್ಟೋ ಜನ ನ್ಯೂರೋ ಡಾಕ್ಟರ ಬಾಗಿಲಲ್ಲಿ ಸುಮ್ನೆ ಕ್ಯೂ ನಿಂತು ನನ್ನ ಹತ್ತಿರ ಬರುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಕಾಲಿನ ರಕ್ತ ಮೇಲಕ್ಕೆ, ಹೃದಯದ ಕಡೆಗೆ ಏರಬೇಕು. ಮೀನಖಂಡ ಹಿಂಡಿದಾಗ ರಕ್ತ ಮೇಲೆ ಹೋಗುತ್ತದೆ. ಕೆಳಗೆ ಬೀಳದ ಹಾಗೆ ತಡೆಯಲು ನಾಳದೊಳಗೆ ಪುಟ್ಟ ಪುಟ್ಟ ಕವಾಟಗಳಿವೆ. ಕವಾಟ ಸಡಿಲವಾದರೆ ರಕ್ತ ಹಿಂದಕ್ಕೆ ಜಾರಿ ಒತ್ತಡ ಏರುತ್ತದೆ. ಚರ್ಮದೊಳಗಿನ ಕೂದಲಿನಂಥ ನಾಳಗಳು ಹಿಗ್ಗಿ ಕಾಣತೊಡಗುತ್ತವೆ. ಒಂದು ಮಿಲಿಮೀಟರ್‌ಗಿಂತ ಸಣ್ಣವು ಸ್ಪೈಡರ್ ವೇನ್. ಅದಕ್ಕಿಂತ ದಪ್ಪ, 3 ಮಿಲಿಮೀಟರ್ ಒಳಗಿನ ಹಸಿರು-ನೀಲಿ ಎಳೆಗಳು ರೆಟಿಕ್ಯುಲರ್. ಅದನ್ನೂ ಮೀರಿ ಹಗ್ಗದ ಹಾಗೆ ಉಬ್ಬಿದ್ದು ವೆರಿಕೋಸ್. ವಂಶ, ಹೆರಿಗೆ, ಹಾರ್ಮೋನು, ತೂಕ, ನಿಂತು ಮಾಡುವ ಕೆಲಸ ಎಲ್ಲವೂ ಸೇರಿಕೊಳ್ಳುತ್ತವೆ.

ಬರೀ ಸ್ಪೈಡರ್ ವೇನ್ ಇದ್ದರೆ ಜೀವಕ್ಕೆ ಅಪಾಯ ಇಲ್ಲ. ಬಿಟ್ಟರೂ ನಡೆಯುತ್ತದೆ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ ನೀವು ಹೇಳಿದ ಸಂಜೆಯ ಭಾರ, ಅಮ್ಮನ ವೆರಿಕೋಸ್, ಇವೆರಡೂ ಇರುವಾಗ ಒಳಗಿನ ದೊಡ್ಡ ನಾಳ ಸೋರುತ್ತಿದೆಯೇ ಅಂತ ನೋಡಲೇಬೇಕು. ಅದಕ್ಕೇ ಡಾಪ್ಲರ್. ಕಾಲಿನ ಹರಡಿನ ಒಳಭಾಗದಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ ಗೆರೆಗಳು ಇವೆಯೇ? ಅದನ್ನು ಮುಖ್ಯವಾಗಿ ಗಮನಿಸಿ. ಅಲ್ಲಿ ಇದ್ದರೆ ಅಂದ-ಚಂದದ ವಿಷಯ ಅಲ್ಲ, ಒಳಗಿನ ತೊಂದರೆಯ ಗುರುತು.

ಮಂಡ್ಯ ಟೀಚರ್

ಸಾರ್, ತುಂಬಾ ಥ್ಯಾಂಕ್ಸ್. ಹರಡಿನ ಹತ್ತಿರ ಏನೂ ಇಲ್ಲ, ಮಂಡಿ ಹಿಂದೆ ಮತ್ತು ತೊಡೆ ಮಾತ್ರ. ಹಾಗಾದರೆ ಹರಳೆಣ್ಣೆ ನಿಲ್ಲಿಸಲಾ? ಅತ್ತೆಗೆ ಬೇಜಾರಾಗಬಾರದು.

ಸರ್ಜನ್, ಮೈಸೂರು

ಎಣ್ಣೆ ಹಚ್ಚಿ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ನೀವಿದರೆ ಕಾಲಿಗೆ ಹಾಯೆನಿಸುತ್ತದೆ, ಮಾಡಿಸಿಕೊಳ್ಳಿ. ಗೆರೆ ಹೋಗುವುದಿಲ್ಲ ಅಷ್ಟೆ. ಜೋರಾಗಿ ತಿಕ್ಕಬೇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಮುಲಾಮುಗಳೂ ಅಷ್ಟೇ. ಹಿಗ್ಗಿದ ನಾಳದ ಗೋಡೆಯನ್ನು ಹೊರಗಿನಿಂದ ಹಚ್ಚಿದ ಯಾವುದೂ ಮುಚ್ಚುವುದಿಲ್ಲ.

ಅಗ್ರಹಾರದ ಅಕ್ಕ

ಹೇಳಿದ ಹಾಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ಮೊದಲು ಡಾಪ್ಲರ್. ಮಲಗಿಸಿ ಮಾಡುತ್ತಾರೆ ಅಂದುಕೊಂಡಿದ್ದೆ. ನನ್ನನ್ನು ಒಂದು ಸ್ಟೂಲಿನ ಮೇಲೆ ನಿಲ್ಲಿಸಿದರು. ಭಾರವನ್ನೆಲ್ಲ ಒಂದು ಕಾಲಿಗೆ ಬಿಟ್ಟು ಇನ್ನೊಂದನ್ನು ಸಡಿಲ ಮಾಡಿ ಅಂದರು. ತೊಡೆಸಂದಿನಿಂದ ಕೆಳಗೆ ತಣ್ಣನೆಯ ಜೆಲ್. ಡಾಕ್ಟರು ಮೀನಖಂಡ ಹಿಂಡಿದಾಗ ಮೆಷಿನ್ನಿಂದ ಸುಯ್ ಅಂತ ಸದ್ದು ಬರುತ್ತಿತ್ತು. ಕೈ ಬಿಟ್ಟಾಗ ಸದ್ದು ನಿಲ್ಲಬೇಕಂತೆ. ನಿಲ್ಲದೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಎಳೆದರೆ ಕವಾಟ ಸೋರುತ್ತಿದೆ ಅಂತ ಅರ್ಥ. ನನಗೆ ದೊಡ್ಡ ನಾಳ ಸರಿ ಇತ್ತು. ಮಂಡಿ ಹಿಂದೆ ಒಂದು ನೀಲಿ ಎಳೆ ಇತ್ತು, ಅದೇ ಗೆರೆಗಳಿಗೆಲ್ಲ ರಕ್ತ ಕೊಡುತ್ತಿದೆ ಅಂದರು.

ಇಂಜೆಕ್ಷನ್ ದಿನ ಕಾಲಿಗೆ ಎಣ್ಣೆ, ಕ್ರೀಮು ಹಚ್ಚದೆ ಹೋಗಿದ್ದೆ. ಸೂಜಿ ಇನ್ಸುಲಿನ್ ಸೂಜಿಯಷ್ಟೇ ಸಣ್ಣದು. ನನಗೆ ಹಾಕಿದ್ದು ಪಾಲಿಡೊಕನಾಲ್ ಅನ್ನುವ ಔಷಧಿ. ಅದನ್ನು ಮೊದಲು ಮರಗಟ್ಟಿಸುವ ಔಷಧಿಯಾಗಿ ಕಂಡುಹಿಡಿದಿದ್ದರಂತೆ, ಅದಕ್ಕೇ ಜಾಸ್ತಿ ನೋಯುವುದಿಲ್ಲ. ಮೊದಲು ಆ ನೀಲಿ ಎಳೆಗೆ, ಆಮೇಲೆ ಸಣ್ಣ ಗೆರೆಗಳಿಗೆ. ಕತ್ತು ತಿರುಗಿಸಿ ನೋಡುತ್ತಿದ್ದೆ. ಔಷಧಿ ಒಳಗೆ ಹೋದ ಹಾಗೆ ನೇರಳೆ ಗೆರೆಗಳು ಕಣ್ಣೆದುರಿಗೇ ಬಿಳಿಚಿಕೊಂಡು ಮಾಯವಾದವು. ಖುಷಿಯಿಂದ "ಹೋಗೇಬಿಡ್ತು" ಅಂದೆ. ಡಾಕ್ಟರು "ಈಗ ವಾಪಸ್ ಬರ್ತವೆ ನೋಡಿ" ಅಂದರು. ಎರಡು ನಿಮಿಷಕ್ಕೆ ಕೆಂಪಗೆ ದದ್ದು ಎದ್ದು ಸೊಳ್ಳೆ ಕಚ್ಚಿದ ಹಾಗೆ ತುರಿಕೆ. ಅದು ಸಂಜೆಗೆ ಇಳಿಯಿತು. ಹತ್ತಿ ಉಂಡೆ ಒತ್ತಿ ಟೇಪ್ ಹಾಕಿ, ಮೇಲೆ ಕಾಲನ್ನು ಒತ್ತಿ ಹಿಡಿಯುವ ಬಿಗಿ ಸ್ಟಾಕಿಂಗ್ಸ್ ಹಾಕಿಸಿ, "ಕೂರಬೇಡಿ, ಅರ್ಧ ಗಂಟೆ ನಡೆಯಿರಿ" ಅಂದರು. ಮನೆತನಕ ನಡೆದೇ ಬಂದೆ.

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಮೂರು ವಾರಕ್ಕೆ ನನ್ನ ಕಾಲು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿತ್ತು. ಗೆರೆಗಳಿದ್ದ ಕಡೆ ಕಂದು ಬಣ್ಣದ ಬರೆಗಳು. ನೀಲಿ ಎಳೆಯ ಮೇಲೆ ಕಡಲೆಕಾಳಿನಷ್ಟು ಗಟ್ಟಿ ಗಂಟು. ಅತ್ತುಬಿಟ್ಟಿದ್ದೆ. ವಾಪಸ್ ಹೋದಾಗ ಡಾಕ್ಟರು ಗಂಟಿಗೆ ಸಣ್ಣದಾಗಿ ಸೂಜಿ ಚುಚ್ಚಿ ಹಿಂಡಿದರು. ಟಾರಿನಂಥ ಕಪ್ಪು ರಕ್ತ ಬಂತು. ಮುಚ್ಚಿದ ನಾಳದಲ್ಲಿ ಸಿಕ್ಕಿಕೊಂಡ ಹಳೇ ರಕ್ತವಂತೆ. ಅದನ್ನು ತೆಗೆದರೆ ಕಲೆ ಕಮ್ಮಿಯಾಗುತ್ತದೆ ಅಂದರು. ಬರೆಗಳು ಹೋಗಲು ಪೂರ್ತಿ ಎಂಟು ತಿಂಗಳು ಹಿಡಿಯಿತು. ಒಟ್ಟು ಮೂರು ಸಿಟ್ಟಿಂಗ್, ಆರಾರು ವಾರದ ಅಂತರದಲ್ಲಿ. ಈಗ ಮುಕ್ಕಾಲು ಪಾಲು ಹೋಗಿದೆ. ಪೂರ್ತಿ ಹೋಗಿಲ್ಲ. ಬಲಗಾಲಲ್ಲಿ ಈ ವರ್ಷ ಎರಡು ಹೊಸ ಗೆರೆ ಬಂದಿವೆ.

ಮದುವೆ, ಗೃಹಪ್ರವೇಶ ಏನಾದರೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿಸುವವರು ಆರು ತಿಂಗಳಾದರೂ ಮುಂಚೆ ಮಾಡಿಸಿ.

ಬೋಗಾದಿ ಹುಡುಗಿ

ಅಕ್ಕ, ನಿಮ್ಮ ಥರ ನಾನೂ ಕಾದಿದ್ದರೆ ಚೆನ್ನಾಗಿತ್ತು. ನಾನು ಲೇಸರ್ ಮಾಡಿಸಿಕೊಂಡು ಕಾಲು ಕೆಡಿಸಿಕೊಂಡೆ. ಊರು ಮೈಸೂರೇ, ಕ್ಲಿನಿಕ್ ಹೆಸರು ಬೇಡ. ಪ್ರತಿ ಹೊಡೆತಕ್ಕೂ ಒಗ್ಗರಣೆ ಎಣ್ಣೆ ಸಿಡಿದ ಹಾಗೆ ಚುರುಕ್ ಅನ್ನುತ್ತಿತ್ತು. ಮೂರನೇ ದಿನ ಬೊಬ್ಬೆ ಎದ್ದವು. ಈಗ ಮಂಡಿ ಪಕ್ಕ ಸಾಲಾಗಿ ದುಂಡು ದುಂಡು ಕಲೆ, ಕೆಲವು ಕಪ್ಪು, ಕೆಲವು ಬಿಳಿ. ಒಂದೂವರೆ ವರ್ಷ ಆಯಿತು. ನನ್ನದು ಗೋಧಿಗಿಂತ ಸ್ವಲ್ಪ ಕಪ್ಪು ಬಣ್ಣ. ಯಾವ ಲೇಸರ್ ಅಂತ ಕೇಳುವ ತಿಳಿವಳಿಕೆ ಆಗ ಇರಲಿಲ್ಲ. ಗೆರೆಗಳು ಹಾಗೇ ಇವೆ, ಮೇಲೆ ಕಲೆ ಬೇರೆ.

ಡಾಕ್ಟರ್ ಸಾರ್, ಲೇಸರ್ ಪೂರ್ತಿ ಕೆಟ್ಟದ್ದಾ ಅಥವಾ ನನಗೆ ಮಾಡಿದ ರೀತಿ ತಪ್ಪಾ?

ಸರ್ಜನ್, ಮೈಸೂರು

ಓದಿ ಸಂಕಟವಾಯಿತಮ್ಮ. ಒಳ್ಳೆಯ ಚರ್ಮರೋಗ ತಜ್ಞರಿಗೆ ಆ ಕಲೆಗಳನ್ನು ತೋರಿಸಿ. ಕಪ್ಪು ಕಲೆಗಳು ಇನ್ನೂ ತಿಳಿಯಾಗಬಹುದು. ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ.

ಲೇಸರ್ ಕೆಟ್ಟದ್ದಲ್ಲ. ಆದರೆ ನಮ್ಮ ಚರ್ಮದಲ್ಲಿ ಕಪ್ಪು ಬಣ್ಣ ಕೊಡುವ ಮೆಲನಿನ್ ಜಾಸ್ತಿ. ಲೇಸರ್ ಬೆಳಕು ರಕ್ತದ ಕೆಂಪನ್ನು ಹುಡುಕಿಕೊಂಡು ಹೋಗಬೇಕು. ದಾರಿಯಲ್ಲೇ ಮೆಲನಿನ್ ಅದನ್ನು ಹೀರಿಕೊಂಡರೆ ಸುಡುವುದು ಚರ್ಮವೇ. 532 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ, ಜೋರು ಬೆಳಕಿನ ಹೊಡೆತ ಕೊಡುವ ಐಪಿಎಲ್ ಎನ್ನುವ ಯಂತ್ರದಲ್ಲಿ ಈ ಅಪಾಯ ಹೆಚ್ಚು. 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಆಳಕ್ಕೆ ಹೋಗುತ್ತದೆ, ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ನಮ್ಮ ಬಣ್ಣಕ್ಕೆ ಅದೇ ವಾಸಿ. ಅದರಲ್ಲೂ ಚರ್ಮ ತಂಪು ಮಾಡುತ್ತಾ, ಮೊದಲು ಸಣ್ಣ ಜಾಗದಲ್ಲಿ ಹೊಡೆದು ನೋಡಿ, ಕೆಲವು ವಾರ ಕಾದು ಮುಂದುವರಿಯಬೇಕು. ಹೋದ ದಿನವೇ ಇಡೀ ಕಾಲಿಗೆ ಹೊಡೆಯುವುದು ಸರಿಯಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಾಲಿನ ಗೆರೆಗಳಿಗೆ ಮೊದಲ ಆಯ್ಕೆ ಸೂಜಿಯೇ. ಮುಖದ ಮೇಲಿನ ಕೆಂಪು ಎಳೆಗಳಿಗೆ ಲೇಸರ್ ಮೇಲು. ಕಾಲಲ್ಲೂ ಸೂಜಿ ಹೋಗದಷ್ಟು ಸಣ್ಣ ಎಳೆಗೆ, ಔಷಧಿ ಅಲರ್ಜಿ ಇರುವವರಿಗೆ, ಸೂಜಿ ಕಂಡರೆ ತಲೆ ಸುತ್ತುವವರಿಗೆ ಲೇಸರ್ ಇದೆ.

ಇನ್ನೊಂದು. ನಮ್ಮ ಊರಿನ ಬೋರ್ಡುಗಳಲ್ಲಿ "ವೆರಿಕೋಸ್‌ಗೆ ಲೇಸರ್" ಅಂತ ಕಾಣುತ್ತೀರಲ್ಲ, ಅದು ಈ ಲೇಸರ್ ಅಲ್ಲ. ಅಲ್ಲಿ ಸೋರುವ ದೊಡ್ಡ ನಾಳದೊಳಗೆ ತೆಳುವಾದ ತಂತಿ ತೂರಿಸಿ ಒಳಗಿನಿಂದ ಬಿಸಿ ಮಾಡಿ ಮುಚ್ಚುತ್ತಾರೆ. ರೇಡಿಯೋ ಫ್ರೀಕ್ವೆನ್ಸಿಯಲ್ಲೂ ಅದನ್ನೇ ಮಾಡುತ್ತಾರೆ. ಹೆಸರು ಒಂದೇ ಆದರೂ ಕೆಲಸ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಬರುವವರು ತುಂಬಾ ಜನ.

ಪಾಂಡವಪುರ ರೈತ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಇಲ್ಲಿ ಎಲ್ಲರೂ ಗೆರೆ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮಪ್ಪನದು ಬೇರೆ ಕಥೆ, ಆದರೂ ಕೇಳಬೇಕು ಅನಿಸಿತು. ಅಪ್ಪನಿಗೆ 66. ಜೀವಮಾನ ಎಲ್ಲ ಗದ್ದೆ ಕೆಸರಲ್ಲಿ, ಆಮೇಲೆ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರು. ಹತ್ತು ವರ್ಷದ ಹಿಂದೆ ಹರಡಿನ ಹತ್ತಿರ ಇಂಥದ್ದೇ ನೀಲಿ ಗೆರೆ ಇದ್ದವು. ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಆಮೇಲೆ ಅಲ್ಲೆಲ್ಲ ಚರ್ಮ ಕಪ್ಪಾಯಿತು, ಗಟ್ಟಿಯಾಯಿತು, ತುರಿಕೆ ಶುರುವಾಯಿತು. ಹೋದ ಯುಗಾದಿ ಹೊತ್ತಿಗೆ ತುರಿಸಿಕೊಂಡ ಕಡೆ ಗಾಯ ಆಯಿತು. ಈಗ ಹತ್ತು ರೂಪಾಯಿ ನಾಣ್ಯದಷ್ಟಿದೆ. ಅರಿಶಿನ ಹಾಕಿದೆವು, ಪೌಡರ್ ಹಾಕಿದೆವು, ಒಣಗುತ್ತಿಲ್ಲ. ಶುಗರ್ ಇಲ್ಲ, ಟೆಸ್ಟ್ ಮಾಡಿಸಿದ್ದೇವೆ. ಬೀಡಿ ಸೇದುತ್ತಾರೆ. ಇದೂ ಅದೇ ಕಾಯಿಲೆನಾ?

ಸರ್ಜನ್, ಮೈಸೂರು

ಅಣ್ಣ, ನೀವು ಬರೆದಿದ್ದು ಒಳ್ಳೆಯದಾಯಿತು. ನಾನು ಮೊದಲು ಹೇಳಿದ ಬೀಸಣಿಗೆ ಗೆರೆಯ ಮುಂದಿನ ಹಂತ ಇದೇ. ಕಾಲಿನ ನಾಳದ ತೊಂದರೆ ಎಷ್ಟು ಮುಂದುವರಿದಿದೆ ಅಂತ ಹೇಳಲು ಡಾಕ್ಟರುಗಳು ಸಿಇಎಪಿ ಅಂತ ಒಂದು ಲೆಕ್ಕ ಇಟ್ಟಿದ್ದೇವೆ. ಟೀಚರಮ್ಮನದು ನೋಡಲು ಸಿ1. ವೆರಿಕೋಸ್ ಸಿ2, ಊತ ಸಿ3, ಚರ್ಮ ಕಪ್ಪಾಗುವುದು ಸಿ4, ಮಾಗಿದ ಗಾಯ ಸಿ5, ಹಸಿ ಗಾಯ ಸಿ6. ನಿಮ್ಮಪ್ಪನದು ನೀವು ಹೇಳಿದ ಪ್ರಕಾರ ಸಿ6. ಎಲ್ಲ ಸಿ1 ಕಾಲುಗಳೂ ಇಲ್ಲಿಗೆ ಬರುವುದಿಲ್ಲ, ಯಾರೂ ಗಾಬರಿ ಆಗಬೇಡಿ. ಆದರೆ ಇದಕ್ಕೆ ಮನೆಮದ್ದು ಸಾಕಾಗುವುದಿಲ್ಲ.

ಈ ವಾರವೇ ಕರೆದುಕೊಂಡು ಹೋಗಿ. ನಿಮಗೆ ಮಂಡ್ಯದ ಮಿಮ್ಸ್ ಆಸ್ಪತ್ರೆ ಹತ್ತಿರ, ಇಲ್ಲವೇ ಮೈಸೂರಿನ ಕೆ.ಆರ್. ಆಸ್ಪತ್ರೆಯ ಸರ್ಜರಿ ಒಪಿಡಿ. ಮೊದಲು ಪಾದದ ನಾಡಿ ಸಿಗುತ್ತಿದೆಯೇ ಅಂತ ನೋಡಿಸಿ. ಬೀಡಿ ಸೇದುವವರಿಗೆ ಕೆಳಗೆ ರಕ್ತ ಇಳಿಸುವ ನಾಳವೂ ಕಟ್ಟಿಕೊಂಡಿರಬಹುದು. ಹಾಗಿದ್ದಾಗ ಬಿಗಿಯಾಗಿ ಬ್ಯಾಂಡೇಜ್ ಸುತ್ತಿದರೆ ಪಾದಕ್ಕೇ ಅಪಾಯ. ನಾಡಿ ಚೆನ್ನಾಗಿದ್ದರೆ ಗಾಯ ಮಾಗಿಸುವುದು ಆ ಬಿಗಿ ಬ್ಯಾಂಡೇಜೇ, ಮುಲಾಮು ಅಲ್ಲ. ಆಮೇಲೆ ಡಾಪ್ಲರ್ ನೋಡಿ ಸೋರುವ ನಾಳ ಮುಚ್ಚಬೇಕು.

ಪಾಂಡವಪುರ ರೈತ

ಅರ್ಥ ಆಯಿತು ಸಾರ್. ನಾಲೆ ಏರಿ ಒಡೆದಿರುವಾಗ ಗದ್ದೆ ಬದು ಕಟ್ಟುತ್ತಾ ಕೂತ ಹಾಗಾಗಿದೆ ನಮ್ಮದು. ಸೋಮವಾರ ಹೋಗುತ್ತೇವೆ.

ಸರ್ಜನ್, ಮೈಸೂರು

ನನ್ನ ರೋಗಿಗಳಿಗೆ ಇನ್ನು ಮುಂದೆ ಈ ಮಾತನ್ನೇ ಹೇಳುತ್ತೇನೆ. ದೊಡ್ಡ ನಾಳ ಸೋರುತ್ತಿರುವಾಗ ಮೇಲಿನ ಸಣ್ಣ ಗೆರೆಗೆ ಸೂಜಿ ಹಾಕಿದರೂ ಅಷ್ಟೇ, ಮತ್ತೆ ತುಂಬಿಕೊಳ್ಳುತ್ತವೆ.

ಕುವೆಂಪುನಗರ, 7ನೇ ತಿಂಗಳು

ನನಗೆ ಎರಡೂ ತೊಡೆಯಲ್ಲಿ ಈ ಬಲೆ ಈಗ ತಾನೇ ಶುರುವಾಗಿದೆ. ಸೀಮಂತಕ್ಕೆ ಬಂದ ಚಿಕ್ಕಮ್ಮ ಕಾಲಿಗೆ ಅರಿಶಿನ ಹಚ್ಚುವಾಗ ನೋಡಿ "ಅಯ್ಯೋ ಇದೇನೇ" ಅಂದರು. ಅವತ್ತಿನಿಂದ ಅದೇ ಯೋಚನೆ. ಈಗಲೇ ಇಂಜೆಕ್ಷನ್ ತಗೋಬಹುದಾ?

ಸರ್ಜನ್, ಮೈಸೂರು

ಬೇಡಮ್ಮ. ಬಸುರಿಯಲ್ಲಿ ಬೇಡ, ಹಾಲು ಕುಡಿಸುವಾಗಲೂ ಕಾಯಿರಿ. ಬಸುರಿಯಲ್ಲಿ ರಕ್ತ ಹೆಚ್ಚುತ್ತದೆ, ಹಾರ್ಮೋನಿನಿಂದ ನಾಳದ ಗೋಡೆ ಸಡಿಲವಾಗುತ್ತದೆ, ಗರ್ಭಕೋಶ ಮೇಲಿನಿಂದ ಒತ್ತುತ್ತದೆ. ಹೆರಿಗೆ ಆದ ಕೆಲವು ತಿಂಗಳಲ್ಲಿ ಎಷ್ಟೋ ಜನರಿಗೆ ತಾನಾಗಿಯೇ ತಿಳಿಯಾಗುತ್ತದೆ. ಇನ್ನೊಂದು ಮಗು ಬೇಕು ಅಂತಿದ್ದರೆ ಅದೂ ಆದಮೇಲೆಯೇ ಯೋಚನೆ ಮಾಡಿ. ಈಗ ಎಡಮಗ್ಗುಲಿಗೆ ಮಲಗಿ, ನಿಮ್ಮ ಹೆರಿಗೆ ಡಾಕ್ಟರನ್ನು ಕೇಳಿ ಸ್ಟಾಕಿಂಗ್ಸ್ ಹಾಕಿ.

ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿಕೊಂಡು, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಿ. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಸುರಿಯರಲ್ಲಿ ಅದರ ಸಾಧ್ಯತೆ ಜಾಸ್ತಿ. ಏದುಸಿರು ಬಂದರಂತೂ ಒಂದು ಗಂಟೆಯೂ ಕಾಯಬೇಡಿ.

ಆಯುರ್ವೇದ ವಿದ್ಯಾರ್ಥಿ

ನಾನು ಆಯುರ್ವೇದ ಓದುತ್ತಿದ್ದೇನೆ. ಮೈಸೂರಿನಲ್ಲಿ 1908ರಿಂದ ಸರ್ಕಾರಿ ಆಯುರ್ವೇದ ಕಾಲೇಜು ಇದೆ. ಇಲ್ಲಿಯವರಿಗೆ ಜಿಗಣೆ ಚಿಕಿತ್ಸೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲೂ ಜಲೌಕದ, ಅಂದರೆ ಜಿಗಣೆಯ ವಿವರ ಇದೆ. ವೆರಿಕೋಸ್ ಗಾಯದ ಸುತ್ತ ಕಟ್ಟಿಕೊಂಡ ರಕ್ತ ತೆಗೆದು ಊತ, ತುರಿಕೆ ಇಳಿಸಲು ಬಳಸುತ್ತಾರೆ. ಆದರೆ ನಾನೂ ಪ್ರಾಮಾಣಿಕವಾಗಿ ಹೇಳಬೇಕು. ಜಿಗಣೆ ಬಿಟ್ಟರೆ ಸ್ಪೈಡರ್ ಗೆರೆ ಹೋಗುತ್ತದೆ ಅಂತ ಹೇಳಿಕೊಂಡು ದುಡ್ಡು ಕೇಳುವವರನ್ನು ನಂಬಬೇಡಿ. ರಕ್ತ ಹೊರಗೆ ಬಂದರೂ ಹಿಗ್ಗಿದ ನಾಳ ಅಲ್ಲೇ ಇರುತ್ತದೆ, ಮತ್ತೆ ತುಂಬುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಜಿಗಣೆ ಹತ್ತಿರವೂ ಹೋಗಬಾರದು.

ಮಾರ್ಕೆಟ್ ಹೂವಿನವರ ಮಗ

ನಮ್ಮಮ್ಮ ದೇವರಾಜ ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋದರೆ ಮಧ್ಯಾಹ್ನದವರೆಗೆ ಕಾಲು ಮಡಿಸಿ ಕೂತಿರುತ್ತಾರೆ, ಇಲ್ಲ ನಿಂತಿರುತ್ತಾರೆ. ಡಾಪ್ಲರ್ ಆಯಿತು, ದೊಡ್ಡ ನಾಳ ಸರಿ ಇದೆ. ಗೆರೆ ಹೋಗಬೇಕು ಅಂತ ಅಮ್ಮನಿಗೇನೂ ಆಸೆ ಇಲ್ಲ. ನೋವು ಕಮ್ಮಿಯಾದರೆ ಸಾಕು. ಸ್ಟಾಕಿಂಗ್ಸ್ ತಂದೆ. ಮೂರು ದಿನ ಹಾಕಿ ಬಿಸಾಕಿದರು. ಏರುವುದೇ ಇಲ್ಲ, ಸೆಕೆ ಅಂತಾರೆ. ಇನ್ಶೂರೆನ್ಸ್‌ನಲ್ಲಿ ಏನಾದರೂ ಆಗುತ್ತದಾ?

ಫಿಸಿಯೋ, ಸರಸ್ವತಿಪುರಂ

ತಮ್ಮ, ಸ್ಟಾಕಿಂಗ್ಸ್ ಬಗ್ಗೆ ನಾನು ಹೇಳುತ್ತೇನೆ. ಸೈಜು ಸರಿ ಇಲ್ಲ ಅಂತ ಕಾಣುತ್ತದೆ. ಬೆಳಿಗ್ಗೆ ಊತ ಬರುವ ಮುಂಚೆ ಟೇಪ್ ಹಿಡಿದು ಹರಡಿನ ಸುತ್ತಳತೆ, ಮೀನಖಂಡದ ಸುತ್ತಳತೆ, ಮಂಡಿಯ ಕೆಳಗಿನ ಎತ್ತರ ತಗೊಂಡು ಅಳತೆ ಪ್ರಕಾರ ತರಬೇಕು. ಅಂಗಡಿಯವರು "ಎಂ ಸೈಜ್ ಆಗುತ್ತೆ" ಅಂದರೆ ಒಪ್ಪಬೇಡಿ. ಗೆರೆ ಮತ್ತು ಭಾರಕ್ಕೆ ಕ್ಲಾಸ್ 1, ಅಂದರೆ 18ರಿಂದ 21 ಎಂಎಂಎಚ್‌ಜಿ ಒತ್ತಡದ್ದು, ಬಹಳ ಜನರಿಗೆ ಸಾಕು. ಕ್ಲಾಸ್ 2 ಆದರೆ 23ರಿಂದ 32. ಅದು ಹಾಕಿಕೊಳ್ಳುವುದೂ ಕಷ್ಟ.

ಹಾಕುವ ರೀತಿ ನೋಡಿ. ಸ್ಟಾಕಿಂಗ್ಸನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ಹೊರಗೆ ಬರುವ ಹಾಗೆ ತಿರುಗಿಸಿ. ಪಾದಕ್ಕೆ ಮೊದಲು ಏರಿಸಿ ಹಿಮ್ಮಡಿ ಸರಿಯಾಗಿ ಕೂರಿಸಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಗೈಯಲ್ಲಿ ಸವರುತ್ತಾ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತನ್ನಿ. ತುದಿ ಹಿಡಿದು ಎಳೆಯಬಾರದು. ಮಂಡಿ ಹತ್ತಿರ ಸುರುಳಿ ಸುತ್ತಿಕೊಳ್ಳಲು ಬಿಡಬಾರದು, ಅದು ದಾರ ಕಟ್ಟಿದ ಹಾಗೆ ಆಗುತ್ತದೆ. ರಾತ್ರಿ ಬಿಚ್ಚಿಡಿ. ಅಮ್ಮ ಹಾಸಿಗೆಯಿಂದ ಇಳಿಯುವ ಮುಂಚೆಯೇ ನೀವೇ ಹಾಕಿಕೊಡಿ, ಒಂದು ವಾರ ಸಾಕು, ಅಭ್ಯಾಸ ಆಗುತ್ತದೆ. ಸೆಕೆಗೆ ಬೆರಳು ತೆರೆದಿರುವ ನಮೂನೆ ಸಿಗುತ್ತದೆ.

ಜೊತೆಗೆ ಹಿಮ್ಮಡಿ ಎತ್ತಿ ಇಳಿಸುವುದು. ನಿಂತಲ್ಲೇ ಇಪ್ಪತ್ತು ಸಲ, ಗಂಟೆಗೊಮ್ಮೆ. ಹೂವು ಕಟ್ಟುವಾಗ ಕೂತಿದ್ದರೂ ಪಾದ ಮೇಲೆ ಕೆಳಗೆ ಆಡಿಸಬಹುದು. ಟೀಚರ್ ಮೇಡಂ, ಇದು ನಿಮಗೂ. ಬೋರ್ಡಿನ ಮೇಲೆ ಬರೆಯುವಾಗ ಹಿಮ್ಮಡಿ ಎತ್ತಿ. ಸಂಜೆ ಅರ್ಧ ಗಂಟೆ ವಿಶ್ವೇಶ್ವರಯ್ಯ ಸ್ಟೇಡಿಯಂನಲ್ಲಿ ನಡೆಯಿರಿ. ಮೀನಖಂಡ ನಮ್ಮ ಕಾಲಿನ ಪಂಪ್‌ಸೆಟ್. ಇದರಿಂದ ಬಂದಿರುವ ಗೆರೆ ಹೋಗುವುದಿಲ್ಲ, ಸಂಜೆಯ ಭಾರ ಹೋಗುತ್ತದೆ.

ಅಗ್ರಹಾರದ ಅಕ್ಕ

ಇನ್ಶೂರೆನ್ಸ್ ಬಗ್ಗೆ ನನ್ನ ಅನುಭವ: ನನಗೆ ಒಂದು ರೂಪಾಯಿಯೂ ಬರಲಿಲ್ಲ. ಅಂದಕ್ಕೆ ಮಾಡಿಸುವ ಚಿಕಿತ್ಸೆ ಅಂತ ಪಾಲಿಸಿಯಲ್ಲೇ ಹೊರಗಿಟ್ಟಿದ್ದಾರೆ. ಡಾಪ್ಲರ್‌ನಲ್ಲಿ ದೊಡ್ಡ ನಾಳ ಸೋರುವುದು ಕಂಡು ಅದಕ್ಕೆ ಆಪರೇಷನ್ ಬರೆದರೆ ಮಾತು ಬೇರೆ. ರಿಪೋರ್ಟು ಹಿಡಿದುಕೊಂಡು ಮೊದಲೇ ಕೇಳಿ, ಆಮೇಲೆ ಅಡ್ಮಿಟ್ ಆಗಿ.

ಬೋಗಾದಿ ಹುಡುಗಿ

ಡಾಕ್ಟ್ರೇ, ಇನ್ನೊಂದು ಕೇಳಬೇಕಿತ್ತು. ಉಳಿದ ಗೆರೆಗಳಿಗೆ ನಾನು ಈಗ ಸೂಜಿ ಮಾಡಿಸಬಹುದಾ? ನನಗೆ ಮೈಗ್ರೇನ್ ಇದೆ. ಫೋಮ್ ಅಂತಲೂ ಒಂದಿದೆಯಂತೆ.

ಸರ್ಜನ್, ಮೈಸೂರು

ಕಲೆ ಪೂರ್ತಿ ತಣ್ಣಗಾಗಲಿ, ಆಮೇಲೆ ನೋಡಬಹುದು. ಫೋಮ್ ಅಂದರೆ ಅದೇ ಔಷಧಿಯನ್ನು ಎರಡು ಸಿರಿಂಜುಗಳ ನಡುವೆ ಗಾಳಿಯ ಜೊತೆ ಆ ಕಡೆ ಈ ಕಡೆ ತಳ್ಳಿ ನೊರೆ ಮಾಡುವುದು. ನೊರೆ ರಕ್ತವನ್ನು ಪಕ್ಕಕ್ಕೆ ತಳ್ಳಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ. ಅದು ದಪ್ಪ ನಾಳಕ್ಕೆ ಒಳ್ಳೆಯದು. ಕೂದಲಿನಂಥ ಗೆರೆಗೆ ನೀರಿನಂಥ ಔಷಧಿಯೇ ಸಾಕು. ಫೋಮ್ ಆದಮೇಲೆ ಕೆಲವರಿಗೆ ಸ್ವಲ್ಪ ಹೊತ್ತು ಕಣ್ಣು ಮಂಜಾಗುವುದು, ಮೈಗ್ರೇನ್ ಬರುವುದು ಉಂಟು. ಹಾಗಾಗಿ ನಿಮ್ಮ ಮೈಗ್ರೇನ್ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. ಹಿಂದೆ ಯಾವಾಗಲಾದರೂ ರಕ್ತ ಹೆಪ್ಪುಗಟ್ಟಿತ್ತೇ, ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದೀರಾ, ಇವನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಬೇಕು.

ಇನ್ನೂ ಒಂದು ತೊಂದರೆ ಇದೆ, ಅಗ್ರಹಾರದ ಅಕ್ಕನವರಿಗೆ ಅದು ಆಗಲಿಲ್ಲ. ಸೂಜಿ ಹಾಕಿದ ಕಡೆ ಸುತ್ತ ಕೆಂಪಗೆ, ಇನ್ನೂ ಸಣ್ಣದಾದ ಹೊಸ ಎಳೆಗಳು ಪೊದೆಯ ಹಾಗೆ ಹುಟ್ಟಬಹುದು. ಮ್ಯಾಟಿಂಗ್ ಅನ್ನುತ್ತೇವೆ. ಕೆಲವು ತಿಂಗಳಲ್ಲಿ ತಾನಾಗಿ ಹೋಗುವುದೇ ಹೆಚ್ಚು. ಅದಕ್ಕೆ ಗಾಬರಿಯಾಗಿ ಮೇಲೆ ಮೇಲೆ ಸೂಜಿ ಹಾಕಿಸಬೇಡಿ. ಔಷಧಿ ನಾಳದ ಹೊರಗೆ ಸೋರಿ ಚರ್ಮ ಹುಣ್ಣಾಗುವುದು ಅಪರೂಪ, ಆದರೆ ಆಗುತ್ತದೆ. ಪಳಗಿದ ಕೈ ಬೇಕು ಅನ್ನುವುದು ಅದಕ್ಕೇ.

ಮಂಡ್ಯ ಟೀಚರ್

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಪರೀಕ್ಷೆ ಕೆಲಸದಲ್ಲಿ ತಡವಾಯಿತು.

ಡಾಪ್ಲರ್ ಮೈಸೂರಿನಲ್ಲಿ ಮಾಡಿಸಿದೆ. ಅಕ್ಕ ಹೇಳಿದ ಹಾಗೇ ನಿಲ್ಲಿಸಿ ಮಾಡಿದರು. ದೊಡ್ಡ ನಾಳ ಎರಡೂ ಕಾಲಲ್ಲಿ ಸರಿ ಇದೆ. ಆ ಮಾತು ಕೇಳಿದಾಗ ಅಮ್ಮನ ಕಾಲು ನೆನಪಾಗಿ ಕಣ್ಣಲ್ಲಿ ನೀರು ಬಂತು. ಮಂಡಿ ಹಿಂದೆ ಎರಡು ನೀಲಿ ಎಳೆ ಇವೆ. ಸಂಜೆ ಉರಿ ಬರುತ್ತಿದ್ದದ್ದು ಅದೇ ಜಾಗದಲ್ಲಿ. ಅಷ್ಟಕ್ಕೆ ಮಾತ್ರ ಸೂಜಿ ಹಾಕಿಸಿದೆ, ಬೇಸಿಗೆ ರಜೆಗೆ ಸರಿಯಾಗಿ. ತೊಡೆಯ ಮೇಲಿನವನ್ನು ಹಾಗೇ ಬಿಟ್ಟೆ. ಅವು ನೋಯುವುದಿಲ್ಲ, ಈಗ ನೋಡಿದರೆ ಹೆದರಿಕೆಯೂ ಆಗುವುದಿಲ್ಲ.

ಈಗ ಐದನೇ ವಾರ. ಕಂದು ಬರೆ ಬಂದಿದೆ, ಒಂದು ಸಣ್ಣ ಗಂಟೂ ಇದೆ. ಅಕ್ಕ ಮುಂಚೆಯೇ ಬರೆದಿರದಿದ್ದರೆ ನಾನೂ ಅಳುತ್ತಿದ್ದೆ. ಬುಧವಾರ ಗಂಟು ತೋರಿಸಲು ಹೋಗುತ್ತಿದ್ದೇನೆ. ಹಿಮ್ಮಡಿ ಎತ್ತುವುದನ್ನು ಈಗ ಹುಡುಗರೂ ಕಲಿತಿದ್ದಾರೆ. ಮಗ್ಗಿ ಹೇಳುವಾಗ ಇಡೀ ಕ್ಲಾಸು ಎತ್ತುತ್ತದೆ. ಅತ್ತೆ ರಾತ್ರಿ ಎಣ್ಣೆ ಹಚ್ಚುತ್ತಾರೆ, ಸೂಜಿ ಹಾಕಿದ ಜಾಗ ಬಿಟ್ಟು.

ಪಾಂಡವಪುರದ ಅಣ್ಣ, ನಿಮ್ಮ ತಂದೆ ಹೇಗಿದ್ದಾರೆ?

ಪಾಂಡವಪುರ ರೈತ

ಕೇಳಿದ್ದಕ್ಕೆ ಥ್ಯಾಂಕ್ಸ್ ಟೀಚರ್. ಪಾದದ ನಾಡಿ ಸರಿ ಇತ್ತು. ನಾಲ್ಕು ಪದರದ ಬ್ಯಾಂಡೇಜ್ ವಾರಕ್ಕೊಮ್ಮೆ ಬದಲಾಯಿಸುತ್ತಾರೆ. ಸೋರುವ ನಾಳ ಮುಚ್ಚಲು ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ. ಹತ್ತು ರೂಪಾಯಿ ನಾಣ್ಯದಷ್ಟಿದ್ದ ಗಾಯ ಈಗ ಕಡಲೆಬೀಜದಷ್ಟಿದೆ. ಬೀಡಿ ದಿನಕ್ಕೆ ಎರಡಕ್ಕೆ ಇಳಿದಿದೆ. ಪೂರ್ತಿ ಬಿಡಿಸಬೇಕು.